ಸ್ಕೂಲ್ ಗೇಟಿಗೆ ಹ್ಯಾಂಡ್ ಮೆಟಲ್ ಡಿಟೆಕ್ಟರ್: 3 ಸ್ಟಾರ್, ಅದೂ ಬ್ಯಾಟರಿಗೆ

ನಾನು ಟೀಚರ್, ಒಂದು ಟರ್ಮ್ ಪೂರ್ತಿ ಇದನ್ನ ಹಿಡ್ಕೊಂಡು ಗೇಟಲ್ಲಿ ನಿಂತಿದೀನಿ. ಹಗುರ ಇದೆ, ಬ್ಯಾಟರಿ ಚೆನ್ನಾಗಿ ಬರುತ್ತೆ. ಆದ್ರೆ ಲೋಹ ಕಂಡ್ರೆ ಕೂಗೋ ಮೆಷಿನ್ ಅಷ್ಟೇ ಇದು, ಬೆಲ್ಟ್ ಬಕಲ್, ಬೀಗದ ಕೈ, ಜಾಮಿಟ್ರಿ ಬಾಕ್ಸಿನ ಕೈವಾರ ಎಲ್ಲದಕ್ಕೂ ಕೀಂಯ್ ಅನ್ನುತ್ತೆ, ಸೆರಾಮಿಕ್ ಚಾಕು ಬಂದ್ರೆ ಮಾತ್ರ ಗಪ್‌ಚುಪ್. ಸೆನ್ಸಿಟಿವಿಟಿ ಕಮ್ಮಿ ಮಾಡಿದ್ರೆ ಸಣ್ಣ ಬ್ಲೇಡ್ ತಪ್ಪಿಸ್ಕೊಳ್ಳುತ್ತೆ.

ಒಂದಿನ ನಿಜವಾಗ್ಲೂ ಒಬ್ಬ ಹುಡುಗನ ಹತ್ರ ಚಾಕು ಸಿಕ್ತು. ಅವನನ್ನ ಸ್ಕೂಲಿಂದ ತೆಗೆದು ಹಾಕಿ ಅಂತ ಎಲ್ರೂ ಕೂಗಾಡಿದ್ರು, ಕೂರಿಸ್ಕೊಂಡು ಕೇಳಿದ್ರೆ ದೊಡ್ಡ ಹುಡುಗ್ರು ದಿನಾ ದಾರೀಲಿ ಅವನನ್ನ ಅಡ್ಡ ಹಾಕಿ ಹೊಡೀತಿದ್ರಂತೆ, ಅದನ್ನ ಯಾವ ಮೆಷಿನ್ ಹೇಳುತ್ತೆ? ತಪ್ಪು ತಪ್ಪೇ, ಚಾಕು ಕಿತ್ಕೊಂಡು, ಅಪ್ಪ ಅಮ್ಮನ್ನ ಕರ್ಸಿ, ಸಸ್ಪೆಂಡ್ ಮಾಡ್ಲೇಬೇಕು, ಆದ್ರೆ ಹೊಡೆದೋರನ್ನ ಬಿಟ್ಟು ಇವನೊಬ್ಬನ್ನೇ ಆಚೆ ಹಾಕಿದ್ರೆ ಚಾಕು ಎಲ್ಲೂ ಹೋಗಲ್ಲ ಕಣ್ರೀ, ರಸ್ತೆಗೆ ಹೋಗುತ್ತೆ ಅಷ್ಟೇ. ಅಮೆರಿಕದ 1994ರ ಕಾನೂನು ಸ್ಕೂಲಿಗೆ ಗನ್ ತಂದ್ರೆ ಕನಿಷ್ಠ 1 ವರ್ಷ ಹೊರಗೆ ಅನ್ನುತ್ತೆ, ಅದ್ರಲ್ಲೂ ಒಂದೊಂದ್ ಕೇಸ್ ನೋಡಿ ಶಿಕ್ಷೆ ಬದಲಾಯಿಸೋಕೆ ದಾರಿ ಇಟ್ಟಿದಾರೆ.

ಅಂದಹಾಗೆ ಬಾಕ್ಸಲ್ಲಿ ಚಾರ್ಜರ್ ಇರಲ್ಲ, ಬೇರೆ ತಗೋಬೇಕು.