ಗಜ ಮುರಿದು ಅಂಗೈಗೆ ಹೊಕ್ಕಿತು: ಮದ್ದಿನ ಕೋವಿ ಜೋಡಿಸುವವರು ದಯವಿಟ್ಟು ಓದಿ

ಮೊದಲು ಆಗಿದ್ದನ್ನು ಹೇಳಿಬಿಡುತ್ತೇನೆ. ಕಳೆದ ಆಗಸ್ಟ್‌ನಲ್ಲಿ ನಾನೇ ಜೋಡಿಸಿದ ಕೋವಿಗೆ ಗುಂಡು ತುಂಬುತ್ತಿದ್ದೆ. ಗಜ ಮುರಿಯಿತು. ಮುರಿದ ಮೋಟು ನನ್ನ ಬಲ ಅಂಗೈಗೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಕ್ಕು, ಹಿಂಗೈಯಲ್ಲಿ ಹೊರಬಂತು. ಮದ್ದು ಹೊತ್ತಲಿಲ್ಲ, ಗುಂಡು ಹಾರಲಿಲ್ಲ. ಇಷ್ಟೆಲ್ಲ ಮಾಡಿದ್ದು ಒಂದು ಮರದ ಕೋಲು.

ಗಜ ಅಂದರೆ ಕೋವಿಯ ಬಾಯಿಂದ ಗುಂಡನ್ನು ಕೆಳಗೆ ನೂಕುವ ಕೋಲು. ತೀರ್ಥಹಳ್ಳಿ ಕಡೆ ಕೇಪಿನ ಕೋವಿ ಇದ್ದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಅಜ್ಜನ ಹತ್ತಿರವೂ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ಬರುತ್ತಿದ್ದ ಕಾಲ ಅದು. ಆ ಹೊಗೆಯ ವಾಸನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಈಗ ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ, ಉದ್ದ ನಳಿಗೆಯ ಚಕಮಕಿ ಕೋವಿಗೆ ಇದೇ ತವರು. 1700ರ ದಶಕದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಕಸುಬುದಾರರು ಇದನ್ನು ರೂಪಿಸಿದರು. ಒಳಗೆ ತಿರುಚು ಗೆರೆ ಕೊರೆದ ನಳಿಗೆ, ಮೇಪಲ್ ಮರದ ಹಿಡಿ. ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯವರಿಗೆಂದೇ ಇಲ್ಲಿ ಜಿಂಕೆ ಬೇಟೆಯ ಸೀಸನ್ ಇದೆ. ಇಂಥ ಕೋವಿಯ ಬಿಡಿಭಾಗಗಳ ಕಿಟ್ ಕೂಡ ಸಿಗುತ್ತದೆ. ಇಲ್ಲಿನ ಫೆಡರಲ್ ಕಾನೂನು ಬಾಯಿಂದ ತುಂಬುವ ಹಳೆ ಮಾದರಿಯ ಕೋವಿಯನ್ನು ಉಳಿದ ಬಂದೂಕುಗಳ ಸಾಲಿಗೆ ಸೇರಿಸಿಲ್ಲ. ಹಾಗಾಗಿ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ. ಜೋಡಿಸಿದ್ದು ಸರಿಯಾಗಿದೆಯಾ ಅಂತ ನೋಡುವವರು ಯಾರೂ ಇಲ್ಲ. ಊರಲ್ಲಿರುವವರು ದಯವಿಟ್ಟು ಗಮನಿಸಿ: ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ದೊಡ್ಡ ಅಪರಾಧ. ಕೊಡಗಿನ ಕೊಡವರೇ ಮೊದಲಾದವರಿಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ.

ಚಳಿಗಾಲದ ಮೂರು ತಿಂಗಳು ಗ್ಯಾರೇಜಿನಲ್ಲಿ ಕೂತು ಕೆಲಸ ಮಾಡಿದೆ. ಚಕಮಕಿ ಯಂತ್ರವನ್ನು ಮರದೊಳಗೆ ಕೂರಿಸುವುದು ಬಹಳ ನಾಜೂಕಿನ ಕೆಲಸ. ಅದನ್ನು ದೀಪದ ಹೊಗೆಗೆ ಹಿಡಿದು ಮಸಿ ಹತ್ತಿಸಬೇಕು, ಮರಕ್ಕೆ ಒತ್ತಬೇಕು, ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಒಂದು ಎಳೆ ಕೆತ್ತಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆತ್ತು. ಕಾಗದ ತೂರುವಷ್ಟೂ ಸಂದಿ ಇರಬಾರದು. ಅದನ್ನೆಲ್ಲ ಪ್ರೀತಿಯಿಂದ ಮಾಡಿದೆ.

ಗಜದ ವಿಷಯದಲ್ಲಿ ಮಾತ್ರ ಹತ್ತು ನಿಮಿಷವೂ ಕೂರಲಿಲ್ಲ. ಕಿಟ್ ಜೊತೆ ಬಂದ ಕೋಲು ಸೊಟ್ಟಗಿತ್ತು. ಹಾರ್ಡ್‌ವೇರ್ ಅಂಗಡಿಗೆ ಹೋಗಿ 3/8 ಇಂಚಿನ ಗುಂಡನೆಯ ಮರದ ಕೋಲು ತಂದೆ. ಅಳತೆಗೆ ಕತ್ತರಿಸಿದೆ, ತುದಿಗೆ ಹಿತ್ತಾಳೆ ಹಾಕಿದೆ, ಹಿಡಿಯ ಬಣ್ಣಕ್ಕೆ ಹೊಂದಲಿ ಅಂತ ಕಪ್ಪಗೆ ಬಣ್ಣ ಹಚ್ಚಿದೆ. ನೋಡೋಕೆ ಚೆಂದ ಕಂಡಿತು. ಆ ಬಣ್ಣದಡಿ ಮರದ ಎಳೆ ಹೇಗೆ ಓಡಿದೆ ಅನ್ನೋದೇ ಮುಚ್ಚಿಹೋಯಿತು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅಪಾಯ ಇರುವುದು ಇಲ್ಲೇ. ಅಂಗಡಿಯ ಕೋಲನ್ನು ಹಲಗೆಯಿಂದ ಗರಗಸದಲ್ಲಿ ಸೀಳಿ ಗುಂಡಗೆ ಮಾಡಿರುತ್ತಾರೆ. ಮರದ ಎಳೆ ಕೋಲಿನ ಉದ್ದಕ್ಕೇ ಓಡಬೇಕು ಅಂತೇನೂ ಇಲ್ಲ. ಅರ್ಧದಲ್ಲಿ ಓರೆಯಾಗಿ ಪಕ್ಕಕ್ಕೆ ಹೊರಟುಬಿಡುತ್ತದೆ. ಅಂಥ ಕೋಲಿನ ಮೇಲೆ ಭಾರ ಬಿದ್ದಾಗ ಅದು ಅಡ್ಡಕ್ಕೆ ಮುರಿಯುವುದಿಲ್ಲ. ಎಳೆ ಹಿಡಿದು ಓರೆಯಾಗಿ ಸೀಳುತ್ತದೆ. ಉಳಿಯುವ ಮೋಟಿನ ತುದಿ ಈಟಿ ಇದ್ದಂತೆ. ಹಳೆಯ ಕಸುಬುದಾರರು ಹಿಕರಿ ಮರದ ತುಂಡನ್ನು ಎಳೆಯ ಗುಂಟ ಸೀಳಿ, ಆ ಸೀಳನ್ನೇ ಕೆತ್ತಿ ಗಜ ಮಾಡುತ್ತಿದ್ದರು. ಸೀಳಿದ ಮರದಲ್ಲಿ ಎಳೆ ತುದಿಯಿಂದ ತುದಿಗೆ ಉಳಿಯುತ್ತದೆ.

ಆ ದಿನ ಸೆಕೆ ಜಾಸ್ತಿ, ಗಾಳಿಯಲ್ಲಿ ತೇವ. ಕರಿಮದ್ದು ಪೂರ್ತಿ ಉರಿದುಹೋಗುವ ವಸ್ತು ಅಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನವಾಗಿಯೇ ಉಳಿಯುತ್ತದೆ. ಸ್ವಲ್ಪ ಬಿಳಿ ಹೊಗೆಯಾಗಿ ಹಾರುತ್ತದೆ, ಸ್ವಲ್ಪ ನಳಿಗೆಯ ಒಳಗೋಡೆಗೆ ಮಸಿಯಾಗಿ ಮೆತ್ತಿಕೊಳ್ಳುತ್ತದೆ. ತೇವ ಸಿಕ್ಕರೆ ಅದು ಅಂಟಾಗುತ್ತದೆ. ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಹಾಕಿ ಒರೆಸಬೇಕು. ಮೊದಲ ನಾಲ್ಕು ಈಡಿಗೆ ಒರೆಸಿದೆ. ಗುಂಡು ಚೆನ್ನಾಗಿ ಗುರಿಗೆ ಬೀಳುತ್ತಿತ್ತು. ಆ ಉಮೇದಿನಲ್ಲಿ ಆಮೇಲೆ ಒರೆಸಲಿಲ್ಲ. ಎಂಟನೇ ಈಡಿಗೆ 70 ಗ್ರೇನ್ ಮದ್ದು ಹಾಕಿದೆ, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಬಟ್ಟೆ ಸುತ್ತಿದ ಸೀಸದ ಗುಂಡನ್ನು ನೂಕಿದೆ. ಅದು ಅರ್ಧ ದಾರಿಯಲ್ಲಿ ಕಚ್ಚಿಕೊಂಡಿತು.

ಅಲ್ಲೇ ನಿಲ್ಲಿಸಬೇಕಿತ್ತು. ನಾನು ಕೋಲನ್ನು ನಳಿಗೆಯ ಬಾಯಿಂದ ಒಂದೂವರೆ ಅಡಿ ಮೇಲೆ ಮುಷ್ಟಿಯಲ್ಲಿ ಬಿಗಿಹಿಡಿದು ಮೈಭಾರ ಬಿಟ್ಟೆ. ಅಷ್ಟು ಮೇಲೆ ಹಿಡಿದರೆ ಕೋಲು ನಡುವೆ ಬಿಲ್ಲಿನ ಹಾಗೆ ಬಾಗುತ್ತದೆ. ಲಟ್ ಅಂತ ಒಂದು ಸದ್ದು. ಕೆಳಗಿಳಿಯುತ್ತಿದ್ದ ಕೈ ತಡೆಯಿಲ್ಲದೆ ಹೋಗಿ ಆ ಮೋಟಿನ ಮೇಲೆ ಕೂತಿತು. ನೋವು ತಕ್ಷಣ ಗೊತ್ತಾಗಲಿಲ್ಲ. ಹಿಂಗೈಯ ಚರ್ಮ ಗುಡಾರದ ಹಾಗೆ ಎದ್ದು, ನಡುವೆ ಕಪ್ಪು ಬಣ್ಣ ಹಚ್ಚಿದ ಮರದ ತುದಿ ಕಂಡಿತು. ಅದು ನಾನೇ ಹಚ್ಚಿದ ಬಣ್ಣ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ಓಡಿಬಂದರು. ನಲವತ್ತು ವರ್ಷದಿಂದ ಇಂಥ ಕೋವಿ ಹಿಡಿದವರು. ನಾನು ಕೈ ಕೀಳಲು ಹೊರಟಿದ್ದೆ. "ಎಳೆಯಬೇಡ, ಅಲ್ಲಾಡಿಸಲೂ ಬೇಡ" ಅಂದರು. ಮೊದಲು ಕೋವಿಯ ಚಕಮಕಿ ಕಲ್ಲನ್ನು ಬಿಚ್ಚಿ ತೆಗೆದರು. ಆಮೇಲೆ ಸಣ್ಣ ಗರಗಸದಿಂದ ಕೋಲನ್ನು ನಳಿಗೆಯ ಬಾಯಿಯ ಹತ್ತಿರವೇ ಕತ್ತರಿಸಿ, ಚೂರು ಕೈಯಲ್ಲಿರುವ ಹಾಗೆಯೇ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದೊಯ್ದರು. ಎಳೆದಿದ್ದರೆ ರಕ್ತ ನಿಲ್ಲಿಸುವುದು ಕಷ್ಟವಾಗುತ್ತಿತ್ತು ಅಂತ ಅಲ್ಲಿ ಡಾಕ್ಟರ್ ಹೇಳಿದರು. ಒಳಗೆ ಮರದ ಚೂರು, ಬಣ್ಣ, ಮಸಿ ಎಲ್ಲ ಸೇರಿತ್ತು. ಎರಡು ಸಲ ಆಪರೇಷನ್ ಆಯಿತು.

ಕೋವಿ ಅವರ ಮನೆಯಲ್ಲೇ ಇತ್ತು, ಅರ್ಧಕ್ಕೆ ಸಿಕ್ಕಿಕೊಂಡ ಗುಂಡಿನ ಜೊತೆ. ಸ್ನೇಹಿತನೊಬ್ಬ ಫೋನಿನಲ್ಲಿ, "ಹೇಗೂ ಮದ್ದು ಒಳಗಿದೆಯಲ್ಲ, ಸುಮ್ನೆ ಕುದುರೆ ಎಳೆದು ಹೊಡೆದುಬಿಡು, ಗುಂಡು ಹೊರಗೆ ಬರುತ್ತೆ" ಅಂದ. ನನಗೂ ಹೌದೆನಿಸಿತ್ತು. ಆ ಹಿರಿಯರಿಗೆ ಹೇಳಿದಾಗ ಅವರು ಮಾತಾಡಲಿಲ್ಲ. ಗೋಡೆಯಿಂದ ಒಂದು ಹಳೆ ನಳಿಗೆ ಇಳಿಸಿ, ನನ್ನ ಎಡಗೈ ಬೆರಳನ್ನು ಅದರ ಮೇಲೆ ಸವರಿಸಿದರು. ನಡುವೆ ಒಂದು ಕಡೆ ಬೆರಳು ಎದ್ದಿತು. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು, ಬಳೆಯ ಹಾಗೆ ಸುತ್ತಲೂ. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದಾಗ ಆಗುವುದು ಇದು. ಗುಂಡು ಮದ್ದಿನ ಮೇಲೆ ಕೂತಿಲ್ಲದಿದ್ದರೆ ಅದು ನಳಿಗೆಗೆ ಜಡಿದ ಬಿರಡೆಯೇ ಸರಿ. ಒತ್ತಡವೆಲ್ಲ ಅಲ್ಲಿ ಬಂದು ಬಡಿಯುತ್ತದೆ. ಅದೃಷ್ಟ ಇದ್ದರೆ ಉಬ್ಬು, ಇಲ್ಲದಿದ್ದರೆ ನಳಿಗೆ ಸೀಳುತ್ತದೆ. ನಳಿಗೆಯಡಿ ಇರುವುದು ಎಡಗೈ. ನನಗೆ ಉಳಿದಿದ್ದ ಒಂದೇ ಒಳ್ಳೆ ಕೈ ಅದು.

ಆ ಗುಂಡನ್ನು ಅವರು ತೆಗೆದದ್ದು ಹೀಗೆ. ಕಿಡಿ ಒಳಹೋಗುವ ತೂತಿನಿಂದ ನೀರು ಬಿಟ್ಟು ಮದ್ದನ್ನು ಪೂರ್ತಿ ನೆನೆಸಿದರು. ಬಾಯಿಯ ಕಡೆಯಿಂದ ಸೋಪಿನ ನೀರು ಹಾಕಿ ಮಸಿ ಸಡಿಲಿಸಿದರು. ಆಮೇಲೆ ಉಕ್ಕಿನ ಕೋಲಿನ ತುದಿಗೆ ಸ್ಕ್ರೂ ಹಾಕಿ, ಸೀಸದ ಗುಂಡಿನೊಳಗೆ ತಿರುಗಿಸಿ ಎಳೆದರು. ಅಷ್ಟು ಹೊತ್ತೂ ಯಾರ ತಲೆಯೂ ನಳಿಗೆಯ ಬಾಯಿಗೆ ನೇರ ಬರಲಿಲ್ಲ.

ಈಗ ಕಿಟ್ ತರಿಸಲು ಹೊರಟವರಿಗೆ, ಈಗಾಗಲೇ ಜೋಡಿಸಿದವರಿಗೆ ನನ್ನ ಬೇಡಿಕೆ ಇಷ್ಟೇ. ಗಜಕ್ಕೆ ಬಣ್ಣ ಹಚ್ಚುವ ಮುಂಚೆ ಬೆಳಕಿಗೆ ಹಿಡಿದು ಎಳೆ ನೋಡಿ. ಒಂದು ಎಳೆಯಾದರೂ ಪಕ್ಕಕ್ಕೆ ಹೊರಟಿದ್ದರೆ ಆ ಕೋಲು ಒಲೆಗೆ. ಗುರಿ ಅಭ್ಯಾಸದ ರೇಂಜಿನಲ್ಲಿ ಹಿತ್ತಾಳೆ ಅಥವಾ ಉಕ್ಕಿನ ಗಜ ಬಳಸಿ, ನಳಿಗೆಯ ಬಾಯಿ ಸವೆಯದಂತೆ ಗಜಕ್ಕೆ ತೊಡಿಸುವ ಒಂದು ಕೊಳವೆ ಸಿಗುತ್ತದೆ. ಗಜ ಹಿಡಿದ ಕೈ ನಳಿಗೆಯ ಬಾಯಿಂದ ಒಂದು ಗೇಣಿಗಿಂತ ಮೇಲೆ ಹೋಗಬಾರದು. ಸಣ್ಣ ಸಣ್ಣ ನೂಕು ಸಾಕು. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಹತ್ತಿರ ಒಂದು ಗೆರೆ, ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೆರೆ ಕೊರೆದಿಡಿ. ಎರಡನೇ ಗೆರೆ ಬಾಯಿಗೆ ಬರುವವರೆಗೆ ಚಕಮಕಿಯ ತಟ್ಟೆಗೆ ರಂಜಕ, ಅಂದರೆ ಕಿಡಿ ಹಿಡಿಯುವ ಮದ್ದು, ಹಾಕಬೇಡಿ. ಗುಂಡು ಸಿಕ್ಕಿಕೊಂಡರೆ ಅವತ್ತಿನ ಆಟ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ.

ನನ್ನ ಹೆಬ್ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು.

ಊರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. "ಎಂಥ ಕೋಲು ಹಾಕಿದ್ದೆ ಮಾರಾಯ?" ಅಂತ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಯ್ಯನ ಗಜ ಕಬ್ಬಿಣದ್ದು. ಆದರೂ ಅವರು ಅದನ್ನು ಮುಷ್ಟಿಯಲ್ಲಿ ಹಿಡಿದದ್ದು ನಾನು ನೋಡಿಲ್ಲ. ಎರಡು ಬೆರಳು, ಒಂದು ಹೆಬ್ಬೆರಳು, ಅಷ್ಟೇ. ನೀನು ನೋಡಿಲ್ವಾ?" ಅಂದರು. ನೋಡಿದ್ದೆ. ಜಗಲಿಯ ಮೇಲೆ ಕೂತು ಎಷ್ಟೋ ಸಲ ನೋಡಿದ್ದೆ. ಅಜ್ಜನ ರೂಢಿ ಇರಬೇಕು ಅಂದುಕೊಂಡಿದ್ದೆ.