ಮನೆಯಲ್ಲೇ ನೀರು ಪರೀಕ್ಷಿಸುವ ಕಿಟ್: ಕಪ್ಪಾಗುವ ಬಾಟಲಿಗೆ ಪೂರ್ತಿ ಅಂಕ, ಟಿಡಿಎಸ್ ಮೀಟರ್‌ಗೆ ಸೊನ್ನೆ

ಕುಡಿಯುವ ನೀರನ್ನು ಮನೆಯಲ್ಲೇ ಪರೀಕ್ಷೆ ಮಾಡುವ ಕಿಟ್ ತರಿಸಿ ಬಳಸಿ ನೋಡಿದೆ. ಕೀಟಾಣು ಇದೆಯಾ ಅಂತ ನೋಡೋಕೆ ಸಣ್ಣ ಬಾಟಲಿಗಳು, ಕ್ಲೋರಿನ್, ನೈಟ್ರೇಟ್, ಫ್ಲೋರೈಡ್‌ಗೆ ಹನಿ ದ್ರಾವಣ ಮತ್ತು ಪಟ್ಟಿಗಳು, ಆರ್ಸೆನಿಕ್‌ಗೆ ಬೇರೆಯೇ ಒಂದು ಸೆಟ್, ಬಣ್ಣ ಹೋಲಿಸೋಕೆ ಕಾರ್ಡು, ಪೆನ್ನಿನ ಥರದ ಒಂದು ಟಿಡಿಎಸ್ ಮೀಟರ್. ಡಬ್ಬಿಯಲ್ಲಿ ಇರೋದು ಇಷ್ಟು.

ಮೊದಲು ಬೈಯೋದನ್ನು ಮುಗಿಸಿಬಿಡುತ್ತೇನೆ. ಡಬ್ಬಿಯ ಮೇಲೆ ದೊಡ್ಡದಾಗಿ ಚಿತ್ರ ಹಾಕಿರೋದು ಈ ಟಿಡಿಎಸ್ ಮೀಟರ್‌ದೇ. ನೀರಿಗೆ ಅದ್ದಿದರೆ ತಕ್ಷಣ ಒಂದು ಸಂಖ್ಯೆ ತೋರಿಸುತ್ತದೆ, ಸಂಖ್ಯೆ ಕಮ್ಮಿ ಇದ್ದರೆ ನೀರು ಶುದ್ಧ ಅಂತ ಕೈಪಿಡಿಯಲ್ಲೂ ಬರೆದಿದ್ದಾರೆ. ಇದು ತಪ್ಪು, ಅಪಾಯದ ತಪ್ಪು. ಆ ಮೀಟರ್ ನೋಡೋದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನೋದನ್ನು ಮಾತ್ರ. ಅದರಿಂದ ಕರಗಿದ ಲವಣ ಒಟ್ಟು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತದೆ, ಅಷ್ಟೇ. ಕಾಲರಾ ರೋಗಾಣು ಅದಕ್ಕೆ ಕಾಣೋದಿಲ್ಲ. ಸೀಸ, ಆರ್ಸೆನಿಕ್ ಕೂಡ ಕಾಣೋದಿಲ್ಲ. ಯಾಕಂದರೆ ಟಿಡಿಎಸ್ ಲೆಕ್ಕ ಹಾಕೋದು ಲೀಟರಿಗೆ ಮಿಲಿಗ್ರಾಂನಲ್ಲಿ, ಆದರೆ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ನೂರನೇ ಒಂದು ಭಾಗ. ಮಿತಿಯ ಹತ್ತು ಪಟ್ಟು ವಿಷ ಇದ್ದರೂ ಮೀಟರಿನ ಸಂಖ್ಯೆ ಅಲುಗಾಡೋದಿಲ್ಲ. ಹಾಗೇ, ಬರೀ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ಗಡಸು ನೀರು, ಕುಡಿದರೆ ಏನೂ ಆಗದ ನೀರು, ಈ ಮೀಟರಿನಲ್ಲಿ ಕೆಟ್ಟದಾಗಿ ಕಾಣುತ್ತದೆ. ಸಂಖ್ಯೆ ನೋಡಿ ಸಮಾಧಾನ ಮಾಡಿಕೊಂಡು ಜನ ಅದೇ ನೀರನ್ನು ಮಕ್ಕಳಿಗೆ ಕುಡಿಸುತ್ತಾರಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ.

ಈಗ ಒಳ್ಳೆಯ ಸುದ್ದಿ. ಇಡೀ ಕಿಟ್ಟಿನಲ್ಲಿ ದುಡ್ಡಿಗೆ ಮೋಸ ಮಾಡದ ವಸ್ತು ಅಂದರೆ ಆ ಸಣ್ಣ ಬಾಟಲಿ. ಎಚ್‌ಟೂಎಸ್ ಪರೀಕ್ಷೆ ಅಂತಾರೆ. 1982ರಲ್ಲಿ ಮಂಜ, ಮೌರ್ಯ, ರಾವ್ ಅನ್ನುವ ಮೂವರು ವಿಜ್ಞಾನಿಗಳು ಪ್ರಕಟಿಸಿದ ವಿಧಾನ. ಪ್ರಯೋಗಾಲಯ ಇಲ್ಲದ ಕಡೆಯೂ ನೀರು ಪರೀಕ್ಷೆ ಮಾಡೋಕೆ ಆಗಬೇಕು ಅನ್ನೋದೇ ಉದ್ದೇಶ. ಬಾಟಲಿಯ ಒಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕರುಳಿನಲ್ಲಿ ಬದುಕುವ ಹಲವು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ (ಎಚ್‌ಟೂಎಸ್ ಅಂದರೆ ಇದೇ) ಅನಿಲ ಬಿಡುತ್ತವೆ, ಅದು ಕಾಗದದಲ್ಲಿರುವ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ. ಮೊದಲು ಕಾಗದದ ಅಂಚಿನಲ್ಲಿ ಬೂದು ಬಣ್ಣದ ಎಳೆ ಕಾಣುತ್ತದೆ, ಆಮೇಲೆ ತಳದಲ್ಲಿ ಕಪ್ಪು ಮಡ್ಡಿ, ಕೊನೆಗೆ ಇಡೀ ಬಾಟಲಿ ಇದ್ದಿಲು ಕಲಸಿದ ಹಾಗೆ. ನಮ್ಮ ಟ್ಯಾಂಕಿನ ನೀರು ಕಣ್ಣಿಗೆ ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ. ಬಾಟಲಿ ಮಾತ್ರ ಕಪ್ಪಾಯಿತು. ಕುದಿಸಿದ ನೀರು ಹಾಕಿದ ಬಾಟಲಿ ಹಾಗೇ ಉಳಿಯಿತು. ಮನೆಯವರಿಗೆಲ್ಲ ಕಣ್ಣಾರೆ ತೋರಿಸೋಕೆ ಇದಕ್ಕಿಂತ ಒಳ್ಳೆಯದು ಇಲ್ಲ.

ಕಪ್ಪಾಯಿತು ಅಂದರೆ ಕಾಲರಾ ಇದೆ ಅಂತ ಅಲ್ಲ. ಮಲದ ಸಂಪರ್ಕ ಆಗಿರಬಹುದು, ಹಾಗಾಗಿ ಮಲದಿಂದ ಬರುವ ಯಾವ ರೋಗಾಣುವೂ ಅಲ್ಲಿರಬಹುದು ಅಂತ ಅರ್ಥ. ಮೊದಲೇ ಗಂಧಕದ ವಾಸನೆ ಇರುವ ಅಂತರ್ಜಲವಾದರೆ ಸುಮ್ನೆ ಕಪ್ಪಾಗುವುದೂ ಉಂಟು. ಕಪ್ಪಾಗಲಿಲ್ಲ ಅಂದರೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ವೈರಸ್‌ಗಳನ್ನು ಇದು ಹಿಡಿಯೋದಿಲ್ಲ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿಯನ್ನೂ ಹಿಡಿಯೋದಿಲ್ಲ. ಅದಂತೂ ಕ್ಲೋರಿನ್‌ಗೂ ಸುಲಭಕ್ಕೆ ಬಗ್ಗೋದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದದ್ದು ಇದರಿಂದ. ಆದರೆ ಚೆನ್ನಾಗಿ ಕುದಿಸಿದರೆ ಅದೂ ಸಾಯುತ್ತದೆ. ನೀರು ಕೊತಕೊತ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಸಾಕು, ತುಂಬಾ ಎತ್ತರದ ಜಾಗಗಳಲ್ಲಿ ಮೂರು ನಿಮಿಷ.

ಇನ್ನೊಂದು ಮಾತು ಕೈಪಿಡಿಯಲ್ಲಿ ಇರಲೇಬೇಕಿತ್ತು, ಇಲ್ಲ. ಕಪ್ಪಾದ ಬಾಟಲಿಯಲ್ಲಿ ಕೀಟಾಣುಗಳನ್ನು ನಾವೇ ಸಾಕಿ ಬೆಳೆಸಿರುತ್ತೇವೆ ಅಲ್ವಾ? ಅದನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ. ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಶೌಚಾಲಯಕ್ಕೆ ಸುರಿದು, ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳ ಕೈಗೆ ಸಿಗೋ ಜಾಗದಲ್ಲಿ ಇಡಲೇಬೇಡಿ. ಶಿಗೆಲ್ಲಾದಂಥ ಕೆಲವು ರೋಗಾಣುಗಳಿಗೆ ಆಮಶಂಕೆ ತರಿಸೋಕೆ ಹತ್ತರಿಂದ ನೂರು ಜೀವಕೋಶ ಹೊಟ್ಟೆಗೆ ಹೋದರೂ ಸಾಕು.

ಈ ಬಾಟಲಿ ಯಾಕೆ ಮುಖ್ಯ ಅಂದರೆ, ಹೊಟ್ಟೆ ಕೆಟ್ಟ ಮೇಲೆ ಕಾರಣ ಹುಡುಕೋದು ಬಹಳ ಕಷ್ಟ. ಕಾಲರಾ ಕೆಲವೇ ಗಂಟೆಗಳಲ್ಲೂ ಬರಬಹುದು, ಐದು ದಿನ ಆದ ಮೇಲೂ ಬರಬಹುದು. ಟೈಫಾಯ್ಡ್ ಜ್ವರಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಹೆಪಟೈಟಿಸ್ ಎ ಕಾಮಾಲೆಯಂತೂ ಸುಮಾರು ನಾಲ್ಕು ವಾರದ ಮೇಲೆ ತಲೆ ಎತ್ತುತ್ತದೆ. ಒಂದು ತಿಂಗಳ ಹಿಂದೆ ಎಲ್ಲಿ ಏನು ಕುಡಿದೆವು ಅಂತ ಯಾರಿಗೆ ನೆನಪಿರುತ್ತದೆ?

ವಿಷಗಳದ್ದು ಬೇರೆಯೇ ಕಥೆ. ಅವು ಒಂದೇ ದಿನಕ್ಕೆ ಮಲಗಿಸೋದಿಲ್ಲ, ವರ್ಷಗಟ್ಟಲೆ ಸೇರುತ್ತಾ ಹೋಗುತ್ತವೆ. ಬಾಂಗ್ಲಾದೇಶದಲ್ಲಿ ಕೆರೆ, ಹೊಂಡಗಳ ನೀರಿನಿಂದ ಬರುವ ಭೇದಿ ತಪ್ಪಿಸೋಕೆ ಅಂತ 1970ರ ದಶಕದಿಂದ ಲಕ್ಷಾಂತರ ಕೊಳವೆ ಬಾವಿ ಹಾಕಿದರು. ಅವುಗಳಲ್ಲಿ ಆರ್ಸೆನಿಕ್ ಇದೆ ಅಂತ ಅಲ್ಲಿ ಮೊದಲು ಗೊತ್ತಾಗಿದ್ದು 1993ರಲ್ಲಿ. ಅಷ್ಟರಲ್ಲಿ ಜನ ವರ್ಷಗಳಿಂದ ಅದೇ ನೀರು ಕುಡಿದಿದ್ದರು. ಅಂಗೈ, ಅಂಗಾಲು ಗಂಟುಗಂಟಾಗಿ ದಪ್ಪಗಾಗೋದು, ಚರ್ಮದ ಮೇಲೆ ಕಲೆ, ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್. ಕೀಟಾಣು ಇಲ್ಲದ ನೀರೆಲ್ಲ ಒಳ್ಳೆಯ ನೀರಲ್ಲ ಅನ್ನೋದನ್ನು ಅಷ್ಟು ಜನ ಮೈಮೇಲೆ ಅನುಭವಿಸಬೇಕಾಯಿತು.

ಕಿಟ್ಟಿನ ಆರ್ಸೆನಿಕ್ ಸೆಟ್ ಕೆಲಸ ಮಾಡುತ್ತದೆ, ಆದರೆ ಜಾಗ್ರತೆ. ಪುಡಿ ಹಾಕಿ ಮುಚ್ಚಿದಾಗ ಆರ್ಸೆನಿಕ್ ಅನಿಲವಾಗಿ ಮೇಲೆದ್ದು, ಮುಚ್ಚಳದಲ್ಲಿರುವ ಕಾಗದಕ್ಕೆ ಹಳದಿಯಿಂದ ಕಂದು ಬಣ್ಣ ತರುತ್ತದೆ. ಆ ಅನಿಲವೂ ವಿಷ, ಆ ಕಾಗದದಲ್ಲಿರುವ ಪಾದರಸದ ಲವಣವೂ ವಿಷ. ಗಾಳಿಯಾಡುವ ಕಡೆ ಮಾಡಿ, ಕಾಗದ ಬರಿಗೈಯಲ್ಲಿ ಮುಟ್ಟಬೇಡಿ. ಗಾಢ ಕಂದು ಬಂದರೆ ಸಂಶಯವೇ ಬೇಡ. ಮಿತಿಯ ಆಸುಪಾಸಿನ ತೆಳು ಹಳದಿಯನ್ನು ಮಾತ್ರ ಟ್ಯೂಬ್‌ಲೈಟ್ ಬೆಳಕಲ್ಲಿ ಓದೋಕೆ ಆಗೋದಿಲ್ಲ, ಹಗಲು ಬೆಳಕೇ ಬೇಕು, ಆಗಲೂ ಇಬ್ಬರು ನೋಡಿದರೆ ಎರಡು ಉತ್ತರ.

ಫ್ಲೋರೈಡ್ ಹನಿ ಪರವಾಗಿಲ್ಲ, ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ್ದು ತಿಳಿಯುತ್ತದೆ. ಕ್ಲೋರಿನ್ ಚೆನ್ನಾಗಿದೆ, ಗುಲಾಬಿ ಬಣ್ಣ ಸ್ಪಷ್ಟ. ನೈಟ್ರೇಟ್ ಪಟ್ಟಿಯನ್ನು ಆರು ತಿಂಗಳೊಳಗಿನ ಮಗುವಿಗೆ ಬಾಟಲಿ ಹಾಲು ಕಲಸುವ ಮನೆಗಳಲ್ಲಿ ಖಂಡಿತ ಬಳಸಿ. ಲೀಟರಿಗೆ 50 ಮಿಲಿಗ್ರಾಂ ಮೀರಿದರೆ ಮಗುವಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿ ತಿರುಗುವ ಅಪಾಯ ಇದೆ. ಇಂಥ ನೀರನ್ನು ಕುದಿಸಿದರೆ ಇನ್ನೂ ಕೆಡುಕು, ಆವಿಯಾಗೋದು ನೀರು ಮಾತ್ರ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಆರ್ಸೆನಿಕ್, ಫ್ಲೋರೈಡ್ ಕೂಡ ಹಾಗೇ.

ಸೀಸದ ಪರೀಕ್ಷೆಯೇ ಈ ಕಿಟ್ಟಿನಲ್ಲಿ ಇಲ್ಲ. ಹಳೇ ಪೈಪು, ಹಳೇ ನಲ್ಲಿ ಇರುವ ಮನೆಯವರು, ಅದರಲ್ಲೂ ಚಿಕ್ಕ ಮಕ್ಕಳಿದ್ದರೆ, ಪ್ರಯೋಗಾಲಯಕ್ಕೇ ಕೊಡಬೇಕು. ಸೀಸ ಎಷ್ಟೇ ಕಮ್ಮಿ ಇದ್ದರೂ ಮಕ್ಕಳ ಮಿದುಳಿಗೆ ಒಳ್ಳೆಯದಲ್ಲ. ಮಾದರಿ ಹಿಡಿಯುವಾಗ ಒಂದು ವ್ಯತ್ಯಾಸ ಗೊತ್ತಿರಲಿ. ಕೀಟಾಣು ಪರೀಕ್ಷೆಗೆ ನಲ್ಲಿಯ ಬಾಯಿ ಒರೆಸಿ, ಸ್ವಲ್ಪ ಹೊತ್ತು ನೀರು ಬಿಟ್ಟು, ಆಮೇಲೆ ಹಿಡಿಯಬೇಕು. ಸೀಸಕ್ಕೆ ಉಲ್ಟಾ, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನೇ ಬೆಳಿಗ್ಗೆ ಮೊದಲ ಧಾರೆಯಲ್ಲಿ ಹಿಡಿಯಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಪ್ಪಾಗುವ ಬಾಟಲಿಗಳು ಬಿಡಿಯಾಗಿಯೂ ಸಿಗುತ್ತವೆ. ಇಡೀ ಕಿಟ್ ಬೇಡ ಅನ್ನುವವರು ಅದನ್ನಷ್ಟೇ ತಗೊಳ್ಳಿ, ಆದರೆ ಅವಧಿ ಮುಗಿಯುವ ದಿನಾಂಕ ನೋಡಿಯೇ ತಗೊಳ್ಳಿ. ನನಗೆ ಬಂದ ಡಬ್ಬಿಯಲ್ಲಿ ಆ ದಿನಾಂಕ ಸ್ಟಿಕ್ಕರ್ ಅಡಿ ಮುಚ್ಚಿಹೋಗಿತ್ತು.