ಕಚೇರಿಯನ್ನೇ ಕಾಣದ ಕಚೇರಿ ಪ್ರೇಮಕಥೆ

ಶಿರಸಿಯ ಅಡಿಕೆ ಸೊಸೈಟಿಯೊಂದರ ಕಚೇರಿಯಲ್ಲಿ ಅರಳುವ ಪ್ರೇಮಕಥೆ ಎಂದು ಹಿಂಬದಿಯ ರಕ್ಷಾಪುಟದಲ್ಲಿ ಓದಿದ ಮೇಲೆ ಈ ಕಾದಂಬರಿಯನ್ನು ಕೊಳ್ಳದೆ ಅಂಗಡಿಯಿಂದ ಹೊರಬರಲು ನನ್ನಿಂದಾಗಲಿಲ್ಲ. ಬೆಂಗಳೂರಿನ ಗಾಜಿನ ಕಟ್ಟಡ, ಲಿಫ್ಟಿನಲ್ಲಿ ಎದುರಾಗುವ ಬಾಸ್, ಕಾಫಿ ಯಂತ್ರದ ಬಳಿಯ ಮೊದಲ ಮಾತು ಇವೆಲ್ಲ ಸವೆದುಹೋಗಿರುವ ಹೊತ್ತಿನಲ್ಲಿ, ಸದಸ್ಯರ ಖಾತೆ, ವಖಾರಿ, ತೂಕದ ಚೀಟಿಗಳ ನಡುವೆ ಇಬ್ಬರು ಒಬ್ಬರನ್ನೊಬ್ಬರು ಮೆಚ್ಚುತ್ತಾರೆ ಎಂಬುದೇ ಆಸೆ ಹುಟ್ಟಿಸುವ ಸಂಗತಿ. ಓದಿ ಮುಗಿಸಿದಾಗ ಉಳಿದದ್ದು ನಿರಾಸೆ. ಕಟ್ಟಡ ಬದಲಾಗಿದೆ, ಲಿಫ್ಟ್ ಹೋಗಿದೆ, ಕಥೆ ಮಾತ್ರ ಅದೇ. ಪುಸ್ತಕದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಲೇಖಕರದು ಇದು ಮೊದಲ ಕಾದಂಬರಿ, ಮತ್ತು ನನ್ನ ತಕರಾರು ಇದೇ ಅಚ್ಚಿನಲ್ಲಿ ಬರುತ್ತಿರುವ ಬೇರೆ ಪುಸ್ತಕಗಳಿಗೂ ಅಷ್ಟೇ ಸಲ್ಲುತ್ತದೆ.

ಕಥೆಯನ್ನು ಹೇಳಿಬಿಟ್ಟರೆ ಓದುವವರಿಗೆ ನಷ್ಟವೇನೂ ಇಲ್ಲ. ಎಂಬಿಎ ಓದಿದ ಯುವಕನೊಬ್ಬ ರಾಜಧಾನಿಯ ಕೆಲಸ ಬಿಟ್ಟು ಸೊಸೈಟಿಯ ವ್ಯವಸ್ಥಾಪಕನಾಗಿ ಬರುತ್ತಾನೆ. ವ್ಯಾಪಾರ ವಿಭಾಗದ ಗುಮಾಸ್ತೆಗೆ ಅವನನ್ನು ಕಂಡರಾಗುವುದಿಲ್ಲ. ಮಳೆಗಾಲದ ಒಂದು ಸಂಜೆ ದೇವಿಮನೆ ಘಟ್ಟದಲ್ಲಿ ಕಾರು ಕೆಡುತ್ತದೆ, ಕುಮಟಾದ ವಸತಿಗೃಹದಲ್ಲಿ ಉಳಿದಿರುವುದು ಒಂದೇ ಕೋಣೆ. ಆಮೇಲೆ ಅವನು ಯಾರೋ ಹೆಣ್ಣಿನ ಜೊತೆ ನಗುತ್ತಿರುವುದನ್ನು ಇವಳು ನೋಡುತ್ತಾಳೆ; ಆಕೆ ಅವನ ತಂಗಿ ಎಂಬುದು ಓದುಗರಿಗೆ ಆ ಕ್ಷಣವೇ ಗೊತ್ತಾದರೂ ನಾಯಕಿಗೆ ಗೊತ್ತಾಗಲು ಹಲವು ಅಧ್ಯಾಯಗಳು ಕಳೆಯಬೇಕು. ಒಂದು ಫೋನ್ ಕರೆಯಲ್ಲಿ ಮುಗಿಯಬಹುದಾಗಿದ್ದ ಅನುಮಾನ ಅದು.

ಹಳೆಯ ಜಾಡಿನಲ್ಲಿ ನಡೆಯುವುದು ತಪ್ಪಲ್ಲ. ಪ್ರೇಮಕಥೆಯ ಓದುಗರು ಕೊನೆಗೆ ಏನಾಗುತ್ತದೆಂದು ತಿಳಿದೇ ಪುಸ್ತಕ ತೆರೆಯುತ್ತಾರೆ. ಅವರಿಗೆ ಬೇಕಾದದ್ದು ಹೇಗೆ ಆಗುತ್ತದೆ ಎಂಬುದು. ಕಚೇರಿಯ ಪ್ರೇಮದಲ್ಲಿ ಆ ‘ಹೇಗೆ’ ಹುಟ್ಟಬೇಕಾದದ್ದು ಕೆಲಸದೊಳಗಿಂದ. ಒಬ್ಬರು ಕೆಲಸ ಮಾಡುವ ರೀತಿಯನ್ನು ಇನ್ನೊಬ್ಬರು ದಿನವೂ ಗಮನಿಸುತ್ತ, ಅವರ ಅಚ್ಚುಕಟ್ಟುತನವನ್ನೋ ಸಿಡುಕನ್ನೋ ಅರಿಯುತ್ತ ಹೋಗುವುದರಲ್ಲಿ ಈ ಬಗೆಯ ಕಥೆಯ ಜೀವವಿದೆ. ಈ ಕಾದಂಬರಿಯಲ್ಲಿ ಯಾರೂ ಕೆಲಸ ಮಾಡುವುದೇ ಇಲ್ಲ. ಫೈಲುಗಳು ಕೈಯಿಂದ ಜಾರಿ ಬೀಳುವುದಕ್ಕೆ ಮಾತ್ರ ಇವೆ, ಬಿದ್ದಾಗ ಇಬ್ಬರೂ ಒಟ್ಟಿಗೆ ಬಗ್ಗುತ್ತಾರೆ.

ಅಡಿಕೆಯ ವಿಷಯಕ್ಕೆ ಬಂದರೆ ಲೇಖಕರು ಮಾರುಕಟ್ಟೆ ಯಾರ್ಡಿನ ಬಾಗಿಲನ್ನೂ ದಾಟಿದಂತಿಲ್ಲ. ಮೂರನೆಯ ಅಧ್ಯಾಯದಲ್ಲಿ ಅಡಿಕೆ ವ್ಯಾಪಾರದ ದೃಶ್ಯವಿದೆ. ಒಬ್ಬ ವೇದಿಕೆ ಹತ್ತಿ ದರ ಕೂಗುತ್ತಾನೆ, ವ್ಯಾಪಾರಿಗಳು ಕೈಯೆತ್ತುತ್ತಾರೆ, ಮರದ ಸುತ್ತಿಗೆ ಬೀಳುತ್ತದೆ. ಶಿರಸಿಯಲ್ಲಿ ಅಡಿಕೆ ಮಾರಿದ ಯಾರಿಗಾದರೂ ಇದನ್ನು ಓದಿ ನಗು ಬರುತ್ತದೆ. ಇಲ್ಲಿರುವುದು ಟೆಂಡರ್ ಪದ್ಧತಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಜಾತಿವಾರು ವಿಂಗಡಿಸಿದ ಅಡಿಕೆಯ ಒಂದೊಂದು ಲಾಟಿನ ಮುಂದೆಯೂ ವ್ಯಾಪಾರಿಗಳು ನಿಂತು, ಮುಷ್ಟಿಯಲ್ಲಿ ಎತ್ತಿ, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣವನ್ನೂ ಗಟ್ಟಿತನವನ್ನೂ ನೋಡಿ, ಕ್ವಿಂಟಲಿಗೆ ಇಷ್ಟು ಎಂದು ತಮ್ಮ ತಮ್ಮ ದರವನ್ನು ಒಬ್ಬರಿಗೊಬ್ಬರು ತಿಳಿಸದೆ ನಮೂದಿಸುತ್ತಾರೆ. ತೆರೆದು ನೋಡಿದಾಗ ಹೆಚ್ಚು ಬರೆದವರಿಗೆ ಲಾಟು. ಆ ದರ ಮನಸ್ಸಿಗೆ ಬಾರದಿದ್ದರೆ ಕೊಡುವುದಿಲ್ಲ ಎನ್ನುವ ಹಕ್ಕು ಬೆಳೆಗಾರನಿಗಿದೆ. ಮನಸ್ಸಿನಲ್ಲಿರುವ ಬೆಲೆಯನ್ನು ಗುಟ್ಟಾಗಿ ಬರೆದಿಟ್ಟು, ಎದುರಿನವರು ಒಪ್ಪುತ್ತಾರೋ ಇಲ್ಲವೋ ಎಂದು ಕಾಯುವ ಈ ಪದ್ಧತಿಗಿಂತ ಹೆಚ್ಚಿನ ಸಾಮಗ್ರಿ ಪ್ರೇಮಕಥೆ ಬರೆಯುವವರಿಗೆ ಇನ್ನೇನು ಬೇಕಿತ್ತು? ಅದನ್ನು ಬಿಟ್ಟು ಯಾವುದೋ ಸಿನಿಮಾದ ಹರಾಜನ್ನು ತಂದು ಕೂರಿಸಿದ್ದಾರೆ.

ಇನ್ನೊಂದು ಕಡೆ, ನಾಯಕಿಯ ಮನೆಯಂಗಳದಲ್ಲಿ ಚಾಲಿ ಬೇಯಿಸುವ ಹಂಡೆಯ ಹಬೆಗೆ ಅವಳ ಕೆನ್ನೆ ಕೆಂಪಾಗುತ್ತದೆ. ಚಾಲಿಯನ್ನು ಬೇಯಿಸುವುದಿಲ್ಲ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದ ಅಡಿಕೆಯನ್ನು ಸಿಪ್ಪೆಯೊಂದಿಗೆ ತಿಂಗಳಿಗೂ ಮೀರಿ ಬಿಸಿಲಿಗೆ ಹಾಕಿ, ಆಮೇಲೆ ಸುಲಿದರೆ ಚಾಲಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಶಿರಸಿ ಅಡಿಕೆಯ ಮೇಲೆ ಕಾದಂಬರಿ ಬರೆಯುವವರು ಕನಿಷ್ಠ ಒಂದು ಸುಗ್ಗಿಯಲ್ಲಾದರೂ ಯಾರದಾದರೂ ಮನೆಯ ಅಂಗಳದಲ್ಲಿ ಕುಳಿತು ಬರಬಾರದಿತ್ತೇ? ಸುಲಿಯುವ ಹೆಂಗಸರ ಮಾತುಗಳನ್ನು ಕೇಳಿದ್ದರೆ ಸಂಭಾಷಣೆಯೂ ಸುಧಾರಿಸುತ್ತಿತ್ತು.

ಇವು ಸಣ್ಣ ತಪ್ಪುಗಳೆಂದು ಮನ್ನಿಸಬಹುದು. ಮನ್ನಿಸಲಾಗದ್ದು ಜಾತ್ರೆಯದು, ಏಕೆಂದರೆ ಕಥೆಯ ಕೀಲೇ ಅದರ ಮೇಲೆ ನಿಂತಿದೆ. ಮಾರಿಕಾಂಬಾ ಜಾತ್ರೆಯಲ್ಲಿ ಇಬ್ಬರೂ ಮೊದಲು ಭೇಟಿಯಾಗುತ್ತಾರೆ, ಸರಿಯಾಗಿ ಒಂದು ವರ್ಷಕ್ಕೆ ಮುಂದಿನ ಜಾತ್ರೆಯ ತೇರಿನ ಮುಂದೆ ಅವನು ಮದುವೆಯ ಮಾತೆತ್ತುತ್ತಾನೆ. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಎಂಬುದು ಜಿಲ್ಲೆಯ ಮಕ್ಕಳಿಗೂ ಗೊತ್ತು: 2022, 2024, 2026. ಜಾತ್ರೆಯಿಲ್ಲದ ವರ್ಷದ ಆ ಖಾಲಿತನವನ್ನು, ಹೇಳಬೇಕಾದ ಮಾತು ಬಾಯಲ್ಲಿದ್ದೂ ಇನ್ನೊಂದು ವರ್ಷ ತಡೆದುಕೊಳ್ಳುವ ಸಂಕಟವನ್ನು ಒಳ್ಳೆಯ ಕಾದಂಬರಿಕಾರರು ಹೇಗೆ ದುಡಿಸಿಕೊಳ್ಳುತ್ತಿದ್ದರು ಎಂದು ಓದುತ್ತಲೇ ಯೋಚಿಸಿದೆ.

ನ್ಯಾಯವಾಗಿ ಒಂದು ಅಧ್ಯಾಯವನ್ನು ಹೊಗಳಬೇಕು. ಮಾರ್ಚ್ 31ರ ರಾತ್ರಿ ಲೆಕ್ಕ ಅಖೈರು ಮಾಡಬೇಕು, ತಾಳೆಪಟ್ಟಿಯಲ್ಲಿ ಒಂದು ಸಣ್ಣ ಮೊತ್ತ ಕೂಡುತ್ತಿಲ್ಲ. ಉಳಿದವರೆಲ್ಲ ಊಟಕ್ಕೆ ಹೋಗಿದ್ದಾರೆ. ಅವಳು ಒಂದೊಂದೇ ವೋಚರನ್ನು ತಿರುವುತ್ತ, ಬಾಯಲ್ಲಿ ಅಂಕಿಗಳನ್ನು ಮಣಮಣ ಎನ್ನುತ್ತಿದ್ದಾಳೆ. ಅವನು ಏನನ್ನೂ ಮಾತಾಡದೆ ಎದ್ದು ಹೋಗಿ, ಚೀಟಿಗಳು ಹಾರದಂತೆ ಫ್ಯಾನಿನ ವೇಗ ಕಡಿಮೆ ಮಾಡಿ, ಅವಳು ಮುಗಿಸಿದ ಕಟ್ಟಿಗೆ ದಾರ ಸುತ್ತಲು ಕೂರುತ್ತಾನೆ. ಒಂದು ತೂಕದ ಚೀಟಿಯಲ್ಲಿ 6 ಎಂದು ಬರೆದದ್ದನ್ನು 0 ಎಂದು ಓದಿರುವುದು ಕೊನೆಗೆ ಅವಳ ಕಣ್ಣಿಗೆ ಬೀಳುತ್ತದೆ. ಇಬ್ಬರೂ ನಗುವುದಿಲ್ಲ, ಕೈ ಹಿಡಿಯುವುದಿಲ್ಲ. ಅವನು ಚಹಾ ತರಿಸಲೇ ಎಂದು ಕೇಳುತ್ತಾನೆ, ಈ ಹೊತ್ತಿನಲ್ಲಿ ಯಾರು ಕೊಡುತ್ತಾರೆ ಎಂದು ಅವಳು ಹೇಳುತ್ತಾಳೆ, ಅಷ್ಟೇ. ಇಡೀ ಪುಸ್ತಕದಲ್ಲಿ ನನಗೆ ಈ ಇಬ್ಬರ ನಡುವೆ ಏನೋ ಇದೆ ಎಂದು ನಂಬಿಕೆ ಬಂದದ್ದು ಇಲ್ಲಿ ಮಾತ್ರ. ಇದನ್ನು ಬರೆಯಬಲ್ಲವರು ಒಂದೇ ಕೋಣೆಯ ವಸತಿಗೃಹಕ್ಕೆ ಯಾಕೆ ಕೈಚಾಚಿದರೋ ತಿಳಿಯದು.

ಅಧಿಕಾರದ ಪ್ರಶ್ನೆಯನ್ನು ಕಾದಂಬರಿ ಕಂಡೂ ಕಾಣದಂತೆ ದಾಟಿಹೋಗುತ್ತದೆ. ನಾಯಕ ಅವಳ ನೇರ ಮೇಲಧಿಕಾರಿ. ಅವಳ ಸೇವಾವರದಿ ಬರೆಯುವವನು ಅವನೇ, ಅವಳ ಮೇಜನ್ನು ಕೌಂಟರಿನಿಂದ ತನ್ನ ಕೋಣೆಯ ಎದುರಿಗೆ ಹಾಕಿಸುವವನೂ ಅವನೇ, ಅವಳ ಜೊತೆ ಸಲುಗೆಯಿಂದಿದ್ದ ಸಹೋದ್ಯೋಗಿಯನ್ನು ದೂರದ ಶಾಖೆಗೆ ವರ್ಗ ಮಾಡುವವನೂ ಅವನೇ. ಇದಿಷ್ಟನ್ನೂ ಪ್ರೀತಿಯ ಆವೇಗವೆಂದು ನಾವು ಸಂತೋಷಪಡಬೇಕಂತೆ. ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ವಿಶಾಖಾ ಪ್ರಕರಣದ ತೀರ್ಪು ಕೊಟ್ಟು, 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದು, 10 ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಕಚೇರಿಯಲ್ಲೂ ಹಿರಿಯ ಮಹಿಳೆಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಬೇಕೆಂದು ಕಡ್ಡಾಯವಾಗಿದೆ. ಸಹೋದ್ಯೋಗಿಗಳು ಪರಸ್ಪರ ಒಪ್ಪಿ ಪ್ರೀತಿಸುವುದನ್ನು ಆ ಕಾಯ್ದೆ ತಡೆಯುವುದಿಲ್ಲ. ಆದರೆ ಬೇಡ ಎಂದರೆ ಬಡ್ತಿ ಹೋದೀತೇ ಎಂಬ ಅಳುಕು ಆ ಹೆಣ್ಣಿಗೆ ಒಮ್ಮೆಯೂ ಬರುವುದಿಲ್ಲವೆಂದರೆ, ನಮ್ಮ ಕಾಲದ ಕಾದಂಬರಿ ಎಂದು ಇದನ್ನು ಹೇಗೆ ಕರೆಯುವುದು?

ನನಗೆ ಹೆಚ್ಚು ಬೇಸರ ತಂದದ್ದು ತೋಟದ ಮನೆಯ ಆ ಯುವಕನ ಪಾತ್ರ. ಮೂವತ್ತೈದು ದಾಟಿದ, ಮದುವೆಯಾಗದ ಬೆಳೆಗಾರ ಅವನು, ವಾರಕ್ಕೊಮ್ಮೆ ಸೊಸೈಟಿಗೆ ಬಂದು “ಪಟ್ಟಿ ಆತನೇ, ತಂಗಿ?” (ಮಾರಾಟದ ಲೆಕ್ಕದ ಚೀಟಿ ಆಯಿತೇ) ಎಂದು ನಾಯಕಿಯನ್ನು ಕೇಳುವ, ಅವಳನ್ನು ಮೆಚ್ಚಿಯೂ ತಂಗಿ ಎಂದಲ್ಲದೆ ಬೇರೆ ಹೇಗೂ ಕರೆಯಲಾರದ ಮನುಷ್ಯ. ಅವನನ್ನು ನಗೆಪಾಟಲು ಮಾಡುವುದಕ್ಕೆಂದೇ ತಂದಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ತೋಟ ನೋಡಿಕೊಂಡು ಉಳಿದ ಗಂಡುಗಳಿಗೆ ಹೆಣ್ಣು ಸಿಗುತ್ತಿಲ್ಲ, ಓದಿದ ಹೆಣ್ಣುಮಕ್ಕಳು ಊರಿನಲ್ಲಿ ನಿಲ್ಲುತ್ತಿಲ್ಲ ಎಂಬುದು ಇಲ್ಲಿನ ಮನೆಮನೆಯ ಚಿಂತೆ. ಹಾಗಿರುವಾಗ ಊರಲ್ಲೇ ಉಳಿದು ನೌಕರಿ ಮಾಡುವ ಹೆಣ್ಣು, ತೋಟ ಬಿಡಲಾರದ ಗಂಡು, ನಗರ ಬಿಟ್ಟು ಬಂದ ಇನ್ನೊಬ್ಬ ಈ ಮೂವರು ಒಂದೇ ಕೌಂಟರಿನ ಆಚೀಚೆ ನಿಂತಿದ್ದಾರೆ. ಲೇಖಕರ ಕೈಯಲ್ಲಿ ಇದ್ದದ್ದು ಇದು, ಅವರು ಬರೆದದ್ದು ಬೇರೆ.

ಕಚೇರಿಯ ಬದುಕು ಕನ್ನಡ ಕಾದಂಬರಿಗೆ ಒಗ್ಗುವುದಿಲ್ಲ ಎಂದು ಸಬೂಬು ಹೇಳುವಂತೆಯೂ ಇಲ್ಲ. ಇದೇ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯ ಕಂಪನಿಯಲ್ಲಿ ದುಡಿದ ಯಶವಂತ ಚಿತ್ತಾಲರು ಉದ್ಯೋಗದ ಒಳಜಗತ್ತಿನ ಭಯ, ಸಂಚುಗಳನ್ನೇ ವಸ್ತುವಾಗಿಸಿಕೊಂಡು 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟಿದ್ದಾರೆ. ಅದು ಪ್ರೇಮಕಥೆಯಲ್ಲ, ಅಂಥ ತೂಕವನ್ನು ನಾನು ಇಲ್ಲಿ ನಿರೀಕ್ಷಿಸಿಯೂ ಇರಲಿಲ್ಲ. ಆದರೆ ನೌಕರಿ ಎಂಬುದು ಮನುಷ್ಯನ ಒಳಗನ್ನು ಹೇಗೆಲ್ಲ ಕಲಕುತ್ತದೆ ಎಂಬ ಅರಿವು ನಮ್ಮ ಭಾಷೆಗೆ ಹೊಸದಲ್ಲ.

ಮುದ್ರಣ ಚೆನ್ನಾಗಿದೆ, ಅಕ್ಷರದೋಷಗಳು ಕಡಿಮೆ. ಮುಖಪುಟದ ಮೇಲಿರುವುದು ತೆಂಗಿನ ಮರ.

ಕೊನೆಯಲ್ಲಿ ನಾಯಕಿ ರಾಜೀನಾಮೆ ಬರೆದು ಅವನ ಮೇಜಿನ ಮೇಲಿಡುತ್ತಾಳೆ. ಗಂಡ ಹೆಂಡತಿ ಒಂದೇ ಕಚೇರಿಯಲ್ಲಿ ಇರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಅವಳಿಗೆ ತಾನಾಗಿಯೇ ಹೊಳೆಯುತ್ತದಂತೆ. ಎಂಟು ವರ್ಷದ ನೌಕರಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಅವನು ಮುಗುಳ್ನಕ್ಕು ಸಹಿ ಹಾಕುತ್ತಾನೆ. ಮುಂದಿನ ಭಾಗ ಬರಲಿದೆ ಎಂದು ಕೊನೆಯ ಪುಟದಲ್ಲಿ ಪ್ರಕಟಣೆಯಿದೆ. ನಾನು ಅದನ್ನು ಕೊಳ್ಳುವುದಿಲ್ಲ. ಈ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೆ ಮಾರ್ಚ್ 31ರ ಅಧ್ಯಾಯವನ್ನಷ್ಟೇ ಓದಿ ಹಿಂದಿರುಗಿಸಬಹುದು.